ಹೆಲ್ಮೆಟ್ ಅದುರುವುದನ್ನು ತಗ್ಗಿಸಲು ಎಂಥ ವಿಂಡ್‌ಶೀಲ್ಡ್ ಆರಿಸಬೇಕು

ನಮಸ್ಕಾರ. ಗಂಟೆಗೆ 80 ಕಿ.ಮೀ. ದಾಟುತ್ತಿದ್ದಂತೆ ಹೆಲ್ಮೆಟ್ ಎಡಕ್ಕೂ ಬಲಕ್ಕೂ ಅದುರುತ್ತದೆ, ಸ್ವಲ್ಪ ಹೊತ್ತಿಗೆಲ್ಲ ಕತ್ತು ನೋಯತೊಡಗುತ್ತದೆ, ಹಾಗಾಗಿ ಬೈಕಿನ ಜೊತೆ ಬಂದ ವಿಂಡ್‌ಶೀಲ್ಡ್ ತೆಗೆದು ಸಿಗುವುದರಲ್ಲೇ ಅತಿ ಎತ್ತರದ್ದನ್ನು ಹಾಕಿಸಬಹುದೇ ಎಂದು ನೀವು ಕೇಳಿದ್ದೀರಿ. ಆರ್ಡರ್ ಮಾಡುವ ಮೊದಲು ದಯವಿಟ್ಟು ಸ್ವಲ್ಪ ತಡೆಯಿರಿ. ನೀವು ವಿವರಿಸಿರುವ ಲಕ್ಷಣಗಳನ್ನು ನೋಡಿದರೆ, ಈಗಿರುವ ವಿಂಡ್‌ಶೀಲ್ಡಿನ ಅಂಚು ದಾಟಿದ ಗಾಳಿ ಸುಳಿಯಾಗಿ ನಿಮ್ಮ ತಲೆಗೇ ಬಂದು ಬಡಿಯುತ್ತಿರುವ ಸಾಧ್ಯತೆ ಹೆಚ್ಚು. ಹಾಗಿದ್ದಲ್ಲಿ ಬರೀ ಎತ್ತರ ನೋಡಿ ಕೊಂಡ ವಿಂಡ್‌ಶೀಲ್ಡ್ ತೊಂದರೆಯನ್ನು ಕಳೆಯುವ ಬದಲು ಹೆಚ್ಚಿಸಲೂಬಹುದು.

ಯಾವ ಅಡ್ಡಿಯೂ ಇಲ್ಲದೆ ಬರುವ ಗಾಳಿ ಎದೆಯನ್ನೂ ಹೆಲ್ಮೆಟನ್ನೂ ಒಂದೇ ಸಮನೆ ಹಿಂದಕ್ಕೆ ಒತ್ತುತ್ತದೆ. ಅದರಿಂದ ದಣಿವಾಗುತ್ತದೆಯೇ ಹೊರತು ತಲೆ ಅದುರುವುದು ಕಡಿಮೆ. ಆದರೆ ಹೊಳೆಯ ನೀರು ಬಂಡೆಯೊಂದನ್ನು ದಾಟಿದ ಕೂಡಲೇ ಸುಳಿಯೇಳುವಂತೆ, ವಿಂಡ್‌ಶೀಲ್ಡಿನ ಮೇಲಂಚನ್ನು ದಾಟಿದ ಗಾಳಿಯೂ ಸುಳಿಸುತ್ತತೊಡಗುತ್ತದೆ. ವಿಂಡ್‌ಶೀಲ್ಡಿನ ಬೆನ್ನಿಗೆ ಒತ್ತಡ ಕಡಿಮೆಯಿರುವ, ಹೆಚ್ಚು ಚಲನೆಯಿಲ್ಲದ ಗಾಳಿಯ ಜಾಗವೊಂದು ಇರುತ್ತದೆ; ಅದಕ್ಕೂ ಮೇಲಿಂದ ರಭಸವಾಗಿ ಸಾಗುವ ಗಾಳಿಗೂ ನಡುವಿನ ಗಡಿಯಲ್ಲಿ ಸುಳಿಗಳು ಒಂದರ ಹಿಂದೊಂದು ಹುಟ್ಟುತ್ತಲೇ ಇರುತ್ತವೆ. ಆ ಗಡಿ ಸರಿಯಾಗಿ ನಿಮ್ಮ ಹೆಲ್ಮೆಟಿನ ಮಟ್ಟದಲ್ಲಿ ಹಾದುಹೋದರೆ ಅದುರುವಿಕೆ ತಪ್ಪಿದ್ದಲ್ಲ. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 60 ಕಿ.ಮೀ.ನಲ್ಲಿ ಇದ್ದುದರ ಎರಡೂಕಾಲು ಪಟ್ಟು ಬಲ 90 ಕಿ.ಮೀ.ನಲ್ಲಿ ಇರುತ್ತದೆ. ನಿಧಾನವಾಗಿ ಹೋಗುವಾಗ ಗಮನಕ್ಕೇ ಬಾರದ ತೊಂದರೆ ಹೆದ್ದಾರಿಯಲ್ಲಿ ಒಮ್ಮೆಲೇ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಆದ್ದರಿಂದ ಆ ಗಡಿ ನಿಮ್ಮ ಮೈಯ ಯಾವ ಭಾಗದಲ್ಲಿ ಹಾಯುತ್ತಿದೆ ಎಂಬುದನ್ನು ಮೊದಲು ಪತ್ತೆಹಚ್ಚಬೇಕು. ಗಾಳಿ ಕಡಿಮೆಯಿರುವ ದಿನ, ಖಾಲಿಯಾದ ನೇರ ರಸ್ತೆಯಲ್ಲಿ, ಮುಂದೆ ಲಾರಿ ಬಸ್ಸುಗಳಿಲ್ಲದಾಗ, ತೊಂದರೆ ಕೊಡುವ ವೇಗಕ್ಕೆ ಬಂದು, ಎರಡೂ ಕೈ ಹ್ಯಾಂಡಲ್ ಮೇಲೆಯೇ ಇಟ್ಟುಕೊಂಡು ತಲೆಯನ್ನು ನಾಲ್ಕು ಬೆರಳಿನಷ್ಟು ತಗ್ಗಿಸಿ ನೋಡಿ. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಸೀಟಿನಿಂದ ಸ್ವಲ್ಪವೇ ಮೇಲೆದ್ದು ನೋಡಿ. ತಗ್ಗಿಸಿದಾಗ ಶಾಂತವಾದರೆ ಇನ್ನಷ್ಟು ಎತ್ತರದ ವಿಂಡ್‌ಶೀಲ್ಡ್ ಸಹಾಯ ಮಾಡೀತು. ಮೇಲೆದ್ದಾಗ ಶಾಂತವಾದರೆ ನಿಮಗೆ ಬೇಕಿರುವುದು ಬಹುಶಃ ಗಿಡ್ಡನೆಯದು. ಗಿಡ್ಡ ವಿಂಡ್‌ಶೀಲ್ಡ್ ಎದೆಗೆ ಬೀಳುವ ಗಾಳಿಯನ್ನು ತಡೆದು, ಹೆಲ್ಮೆಟನ್ನು ಸುಳಿಯಿಲ್ಲದ ಗಾಳಿಗೆ ಬಿಡುತ್ತದೆ. ಉದ್ದ ಮುಂಡದ ಸವಾರರಿಗೆ ಅನೇಕ ಬೈಕುಗಳಲ್ಲಿ ಇದೇ ಹೆಚ್ಚು ಹಿತವೆಂಬುದು ನನ್ನ ಅಭಿಪ್ರಾಯ. ಇನ್ನೂ ಅನುಮಾನವಿದ್ದರೆ ವಿಂಡ್‌ಶೀಲ್ಡ್ ಪೂರ್ತಿ ಬಿಚ್ಚಿ ಅದೇ ರಸ್ತೆಯಲ್ಲಿ ಹೋಗಿಬನ್ನಿ. ಅದುರುವುದು ನಿಂತರೆ ಮೂಲ ಯಾವುದೆಂದು ಖಚಿತವಾಗುತ್ತದೆ. ನಿಲ್ಲದಿದ್ದರೆ ಕನ್ನಡಿಗಳು, ಹ್ಯಾಂಡ್‌ಗಾರ್ಡ್‌ಗಳು ಅಥವಾ ಹೆಲ್ಮೆಟ್ಟೇ ಕಾರಣವಿರಬಹುದು.

ಕಣ್ಣಾರೆ ನೋಡಬೇಕೆಂದರೆ ಉಣ್ಣೆಯ ನೂಲಿನ ಪರೀಕ್ಷೆ ಬಹಳ ಒಳ್ಳೆಯದು. ಬೆರಳುದ್ದದ ನೂಲಿನ ತುಂಡುಗಳನ್ನು ವಿಂಡ್‌ಶೀಲ್ಡಿನ ಮೇಲಂಚಿಗೂ ಎರಡು ಪಕ್ಕಗಳಿಗೂ ಟ್ಯಾಂಕಿನ ಮುಂಭಾಗಕ್ಕೂ ಟೇಪಿನಿಂದ ಅಂಟಿಸಿ, ಅವು ಕಾಣುವಂತೆ ಬೈಕಿಗೇ ಸಣ್ಣ ಕ್ಯಾಮೆರಾವೊಂದನ್ನು ಭದ್ರವಾಗಿ ಕಟ್ಟಿ, ಸವಾರಿ ಮುಗಿಸಿ ಮನೆಗೆ ಬಂದಮೇಲೆ ಆ ವಿಡಿಯೊವನ್ನು ನಿಧಾನಗತಿಯಲ್ಲಿ ಹಾಕಿ ನೋಡಿ. ಗಾಳಿ ಸರಾಗವಾಗಿ ಹರಿಯುವ ಕಡೆ ನೂಲು ಹಿಂದಕ್ಕೆ ನೆಟ್ಟಗೆ ಚಾಚಿಕೊಂಡಿರುತ್ತದೆ. ಸುಳಿಯಿರುವ ಕಡೆ ಗಿರಗಿರನೆ ತಿರುಗುತ್ತದೆ, ಕೆಲವೊಮ್ಮೆ ಮುಂದಕ್ಕೇ ಮಗುಚಿಕೊಳ್ಳುತ್ತದೆ. ಟ್ಯಾಂಕಿನ ಬಳಿಯ ನೂಲು ಮೇಲ್ಮುಖವಾಗಿ ಹಾರುತ್ತಿದ್ದರೆ, ಫೋರ್ಕ್ (ಮುಂಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಮತ್ತು ಹೆಡ್‌ಲೈಟಿನ ಸಂದಿಯಿಂದ ನುಗ್ಗಿದ ಗಾಳಿ ಕೆಳಗಿನಿಂದ ನಿಮ್ಮ ಗದ್ದಕ್ಕೆ ಬರುತ್ತಿದೆ ಎಂದರ್ಥ. ಅದನ್ನು ಮೇಲಿನ ಎತ್ತರ ಎಷ್ಟು ಹೆಚ್ಚಿಸಿದರೂ ತಡೆಯಲಾಗದು. ಫೋರ್ಕಿನ ಪಕ್ಕಕ್ಕೆ ಕೂರಿಸುವ, ಗಾಳಿಯನ್ನು ಬೇರೆಡೆಗೆ ತಿರುಗಿಸುವ ಸಣ್ಣ ಡಿಫ್ಲೆಕ್ಟರ್‌ಗಳು ಬೇಕಾಗುತ್ತವೆ.

ಇದಕ್ಕೆ ಪೂರ್ತಿ ವಿರುದ್ಧವೆನಿಸುವ ಇನ್ನೊಂದು ಪರಿಸ್ಥಿತಿಯೂ ಉಂಟು. ದೊಡ್ಡ ವಿಂಡ್‌ಶೀಲ್ಡಿನ ಹಿಂದೆ ಯಾರೋ ಬೆನ್ನನ್ನು ಮುಂದಕ್ಕೆ ತಳ್ಳಿದಂತೆ ಅನಿಸಿದರೆ, ಒತ್ತಡ ಕುಸಿದ ಜಾಗವನ್ನು ತುಂಬಲು ಹಿಂದಿನಿಂದ ಗಾಳಿ ಧಾವಿಸುತ್ತಿದೆ ಎಂದು ತಿಳಿಯಬೇಕು. ಆಗ ಕೆಳಭಾಗದಿಂದ ಒಂದಿಷ್ಟು ಗಾಳಿಯನ್ನು ಬೇಕೆಂದೇ ಒಳಗೆ ಬಿಡಬೇಕಾಗುತ್ತದೆ. ಅದಕ್ಕಾಗಿಯೇ ಕೆಲವು ವಿಂಡ್‌ಶೀಲ್ಡುಗಳ ನಡುವೆ ಕಿಂಡಿ ಕೊಟ್ಟಿರುತ್ತಾರೆ. ಕಿಂಡಿಯಿಲ್ಲದಿದ್ದರೆ ಉದ್ದ ಬೋಲ್ಟು, ನಡುವೆ ಅಂತರ ಬಿಡಿಸುವ ಸ್ಪೇಸರ್ ಹಾಕಿ ವಿಂಡ್‌ಶೀಲ್ಡಿನ ಬುಡವನ್ನು ಸ್ವಲ್ಪ ಮುಂದೆ ತಂದರೂ ಎಷ್ಟೋ ಸಲ ಗುಣ ಕಾಣುತ್ತದೆ. ಹೊಸದನ್ನು ಕೊಳ್ಳುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇದು. ಓರೆಯನ್ನು ಬದಲಿಸುವ ಬ್ರಾಕೆಟ್ ಇದ್ದರೆ ಅದನ್ನೂ ಒಂದೊಂದೇ ಹಂತವಾಗಿ ಬದಲಿಸಿ ನೋಡಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂಬುದೇ ತಿಳಿಯದು.

ಕೊನೆಗೂ ಹೊಸದೇ ಬೇಕೆಂದಾದರೆ ಎತ್ತರವನ್ನು ಹೀಗೆ ನಿರ್ಧರಿಸಿ. ಹೆಲ್ಮೆಟ್, ಜಾಕೆಟ್ ತೊಟ್ಟು ದಿನವೂ ಕೂರುವ ಭಂಗಿಯಲ್ಲೇ ಕುಳಿತು, ಇನ್ನೊಬ್ಬರಿಂದ ವಿಂಡ್‌ಶೀಲ್ಡಿನ ಜಾಗದಲ್ಲಿ ರಟ್ಟು ಹಿಡಿಸಿ, ಮೇಲಂಚು ನಿಮ್ಮ ಮೂಗಿನ ಮಟ್ಟಕ್ಕೆ ಬರುವ ಎತ್ತರವನ್ನು ಗುರುತಿಸಿಕೊಳ್ಳಿ. ಗಾಳಿ ಅಂಚನ್ನು ಬಿಟ್ಟಮೇಲೂ ಇನ್ನೊಂದಿಷ್ಟು ಮೇಲಕ್ಕೇ ಏರುವುದರಿಂದ, ಹೆಲ್ಮೆಟ್ಟಿನ ಮೇಲೆ ಹಾಯಿಸಲು ಬಹುತೇಕ ಅಷ್ಟು ಸಾಕಾಗುತ್ತದೆ. ಅಂಚು ಕಣ್ಣಿನ ನೇರಕ್ಕೆ ಎಂದೂ ಬರಬಾರದು. ಕಣ್ಣಿಗಿಂತ ಮೇಲಿದ್ದು ಅದರ ಮೂಲಕವೇ ನೋಡುವಂತಾದರೆ, ಮಳೆಯಲ್ಲಿ ರಾತ್ರಿ ಹೊತ್ತು ಎದುರು ವಾಹನದ ಬೆಳಕು ಹನಿಗಳಲ್ಲೂ ಗೀರುಗಳಲ್ಲೂ ಚದುರಿ ರಸ್ತೆ ಕಾಣದಾಗುತ್ತದೆ. ಇದು ಜೀವದ ಪ್ರಶ್ನೆ, ಆದ್ದರಿಂದ ಇದರಲ್ಲಿ ರಾಜಿ ಬೇಡ. ಅಂಚಿಗೆ ಕಚ್ಚಿಸುವ ಸ್ಪಾಯ್ಲರ್ ಎಂಬ ಸಣ್ಣ ಹಲಗೆಯ ಎತ್ತರ ಮತ್ತು ಓರೆಯನ್ನು ಹೊಂದಿಸಿಕೊಳ್ಳಬಹುದು. ಅದಕ್ಕೂ ವಿಂಡ್‌ಶೀಲ್ಡಿಗೂ ನಡುವೆ ಬಿಟ್ಟ ಸಂದಿಯಿಂದಲೂ ಗಾಳಿ ಹಾಯುವುದರಿಂದ, ಎತ್ತರದ ಇಡಿಯ ಹಲಗೆಗಿಂತ ಅದು ಅನೇಕರಿಗೆ ಚೆನ್ನಾಗಿ ಒಗ್ಗುತ್ತದೆ. ಹಿಂಬದಿ ಸವಾರರನ್ನು ಕೂರಿಸಿಕೊಂಡು ದೂರ ಹೋಗುವವರಾದರೆ ಅವರನ್ನೂ ಕೂರಿಸಿಯೇ ಪರೀಕ್ಷಿಸಿ, ಏಕೆಂದರೆ ನಿಮ್ಮ ತಲೆ ತಪ್ಪಿಸಿಕೊಂಡ ಸುಳಿ ಅವರ ತಲೆಗೆ ಬೀಳಬಹುದು.

ವಸ್ತುವಿನ ವಿಷಯದಲ್ಲಿ, ಪಾಲಿಕಾರ್ಬೊನೇಟ್ ಪೆಟ್ಟು ತಾಳುತ್ತದೆ, ಆದರೆ ಮೇಲೆ ಗಟ್ಟಿ ಲೇಪನವಿಲ್ಲದಿದ್ದರೆ ಬೇಗ ಗೀರು ಬೀಳುತ್ತದೆ. ಅಕ್ರಿಲಿಕ್ ಸ್ವಚ್ಛವಾಗಿ ಕಾಣುತ್ತದೆ, ಜೋರು ಪೆಟ್ಟಿಗೆ ಸೀಳುತ್ತದೆ. ರಬ್ಬರ್ ವಾಷರ್ ಇಲ್ಲದೆ ಬೋಲ್ಟ್ ಬಿಗಿಯಬೇಡಿ. ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೋಕಿಸಬೇಡಿ. ನೀರು, ಮೆದು ಸೋಪು, ಮೆತ್ತನೆಯ ಬಟ್ಟೆ ಸಾಕು. ಹ್ಯಾಂಡಲ್‌ಗೆ ಕೂರಿಸುವಂಥದ್ದಾದರೆ ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ ಎಲ್ಲೂ ಸಿಕ್ಕಿಕೊಳ್ಳದೆಂದು ನೋಡಿಕೊಳ್ಳಿ. ಅಂಥ ಅಗಲವಾದ ಹಲಗೆ ಅಡ್ಡಗಾಳಿಯಲ್ಲಿ ಹ್ಯಾಂಡಲನ್ನೇ ಎಳೆಯುವುದುಂಟು.

ನಿಮ್ಮ ಹೆಲ್ಮೆಟ್ಟಿಗೆ ಮುಂದೆ ಚಾಚಿದ ಪೀಕ್ ಇದೆಯೇ ಎಂಬುದನ್ನು ನೀವು ಬರೆದಿಲ್ಲ. ಇದ್ದರೆ ಅದನ್ನು ಬಿಚ್ಚಿ ಒಮ್ಮೆ ಹೋಗಿಬನ್ನಿ. ಕೆನ್ನೆಯ ಪ್ಯಾಡ್ ಸಡಿಲವಾಗಿದೆಯೇ ಎಂದೂ ನೋಡಿ. ಆಮೇಲೆ ತಲೆ ತಗ್ಗಿಸಿದಾಗ, ಮೇಲೆದ್ದಾಗ, ವಿಂಡ್‌ಶೀಲ್ಡ್ ಬಿಚ್ಚಿದಾಗ ಏನಾಯಿತೆಂದು ಬೈಕಿನ ಮಾದರಿಯ ಹೆಸರಿನೊಂದಿಗೆ ಇಲ್ಲಿಯೇ ತಿಳಿಸಿ. ಅದನ್ನು ನೋಡಿಕೊಂಡು ಎತ್ತರ ಬದಲಿಸಬೇಕೋ, ಬ್ರಾಕೆಟ್ ಸಾಕೋ ಎಂಬುದನ್ನು ಒಟ್ಟಿಗೆ ಯೋಚಿಸೋಣ.