ರೀಸೆಟ್ ಒತ್ತುವ ಮೊದಲು ಒಂದು ಫೋಟೋ

ಪ್ರಶ್ನೆ: ಪೀಣ್ಯದ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ವಿಎಂಸಿ (ಕಂಪ್ಯೂಟರ್ ನಡೆಸುವ ಲಂಬ ಮಿಲ್ಲಿಂಗ್ ಮಷೀನ್) ಆಪರೇಟರ್ ಆಗಿದ್ದೇನೆ. ಅದನ್ನು ನಡೆಸುವ ಕಂಟ್ರೋಲ್ ಫ್ಯಾನುಕ್ ಕಂಪನಿಯದು. ದಿನಾ ಮಧ್ಯಾಹ್ನ 3ರ ಹೊತ್ತಿಗೆ ಎಸ್‌ಪಿ9001 ಅಲಾರಂ ಬಂದು ಸ್ಪಿಂಡಲ್ (ಟೂಲ್ ಹಿಡಿದು ತಿರುಗಿಸುವ ಭಾಗ) ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ರೀಸೆಟ್ ಒತ್ತಿದರೆ ಮತ್ತೆ ಓಡುತ್ತದೆ. ಸೂಪರ್‌ವೈಸರ್ ಪ್ಯಾನಲ್ ಬಾಗಿಲು ತೆಗೆಸಿ ಪೆಡೆಸ್ಟಲ್ ಫ್ಯಾನ್ ಇಡಿಸಿದ್ದಾರೆ. ಪ್ರಯೋಜನ ಆಗಿಲ್ಲ. ಹೀಗೇ ಓಡಿಸಬಹುದಾ?

ಉತ್ತರ: ಬೇಡ. ಮೊದಲು ಆ ಫ್ಯಾನ್ ತೆಗೆಸಿ, ಪ್ಯಾನಲ್ ಬಾಗಿಲು ಮುಚ್ಚಿ. 9001 ಅಂದರೆ ಸ್ಪಿಂಡಲ್ ಮೋಟಾರ್ ಬಿಸಿಯಾಗಿದೆ ಅಂತ. ಮೋಟಾರ್ ಇರುವುದು ಮೇಲೆ, ಹೆಡ್‌ನಲ್ಲಿ. ನೀವು ಗಾಳಿ ಹಾಕುತ್ತಿರುವುದು ಕೆಳಗೆ ಪ್ಯಾನಲ್ ಒಳಗಿರುವ, ಮೋಟಾರಿಗೆ ಕರೆಂಟ್ ಕೊಡುವ ಆಂಪ್ಲಿಫೈಯರ್‌ಗೆ. ಅದು ಬಿಸಿಯಾದರೆ ಬರುವ ನಂಬರ್ ಬೇರೆ, 9009. ತೆರೆದ ಬಾಗಿಲಿನಿಂದ ಕೂಲಂಟ್ ಮಂಜು, ಎರಕದ ಧೂಳು ಒಳಗೆ ಹೋಗಿ ಬೋರ್ಡ್‌ಗಳ ಮೇಲೆ ಕೂರುತ್ತದೆ, ಅಷ್ಟೇ ಲಾಭ.

ನೋಡಬೇಕಾದ್ದು ಮೋಟಾರಿನ ತಲೆ ಮೇಲಿರುವ ಕೂಲಿಂಗ್ ಫ್ಯಾನ್. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲೇ ಇಟ್ಟುಕೊಂಡು ಏಣಿ ಹತ್ತಿ. ಕೆಳಗಿದ್ದವರು 'ಕರೆಂಟ್ ಯಾಕಿಲ್ಲ' ಅಂತ ಸುಮ್ನೆ ಸ್ವಿಚ್ ಹಾಕಿಬಿಡುತ್ತಾರೆ. ಇಂಥದೇ ಒಂದು ಮಷೀನಿನಲ್ಲಿ ಫ್ಯಾನಿನ ಜಾಲರಿ ಮೇಲೆ ಎಣ್ಣೆ, ಧೂಳು ಸೇರಿ ಕಂಬಳಿ ತುಂಡಿನ ಹಾಗೆ ಕೂತಿದ್ದನ್ನು ನಾನು ನೋಡಿದ್ದೇನೆ. ಸ್ಕ್ರೂಡ್ರೈವರ್ ತುದಿಯಿಂದ ಎಳೆದರೆ ಒಂದೇ ಹಾಳೆಯಾಗಿ ಎದ್ದು ಬಂತು. ಏರ್ ಗನ್ ಹಿಡಿದು ಊದಬೇಡಿ, ಕೊಳೆ ಮೋಟಾರಿನೊಳಗೆ ಹೋಗುತ್ತದೆ. ಒರೆಸಿ ತೆಗೆಯಿರಿ. ಇಳಿದು ಬಂದು ಕರೆಂಟ್ ಕೊಟ್ಟ ಮೇಲೆ ಫ್ಯಾನ್ ತಿರುಗುತ್ತಿದೆಯಾ ಅಂತ ದೂರದಿಂದಲೇ ನೋಡಿ.

ಫ್ಯಾನ್ ಸರಿಯಿದ್ದರೆ ಲೋಡ್ ಕಡೆ ಬನ್ನಿ. ಮೋಟಾರ್ ಪ್ಲೇಟ್ ಮೇಲೆ 5.5/7.5 ಕಿಲೋವ್ಯಾಟ್ ಅಂತ ಎರಡು ಅಂಕಿ ಇರುವುದನ್ನು ನೋಡಿರುತ್ತೀರಿ ಅಲ್ವಾ? ಚಿಕ್ಕದು ಇಡೀ ದಿನಕ್ಕೆ. ದೊಡ್ಡದು ಸ್ವಲ್ಪ ಹೊತ್ತಿಗೆ, ಸಾಮಾನ್ಯವಾಗಿ 30 ನಿಮಿಷಕ್ಕೆ. ಬೆಳಗ್ಗೆಯಿಂದ ಆ ದೊಡ್ಡ ಅಂಕಿಯಲ್ಲೇ ರಫಿಂಗ್ (ಮೊದಲ ದಪ್ಪ ಕಟಿಂಗ್) ಎಳೆದರೆ ಮಧ್ಯಾಹ್ನ ಶೀಟ್ ಛಾವಣಿಯೂ ಕಾದಾಗ ಅಲಾರಂ ಬರದೆ ಇನ್ನೇನು ಬರುತ್ತದೆ? ಸವೆದ ಇನ್ಸರ್ಟ್ (ಟೂಲಿನ ಕತ್ತರಿಸುವ ಬಿಲ್ಲೆ) ಇದ್ದರೂ ಲೋಡ್ ಏರುತ್ತದೆ. ಪದೇ ಪದೇ ಸ್ಟಾರ್ಟ್-ಸ್ಟಾಪ್ ಆಗುವ ಟ್ಯಾಪಿಂಗ್ (ತೂತಿನೊಳಗೆ ಥ್ರೆಡ್ ಕೊರೆಯುವ) ಕೆಲಸವೂ ಮೋಟಾರನ್ನು ಕಾಯಿಸುತ್ತದೆ. ಬೆಳಗ್ಗೆ ತಣ್ಣಗಿರುವಾಗಲೇ 9001 ಬಂದರೆ ಮಾತ್ರ ಸೆನ್ಸರ್ ಅಥವಾ ಕೇಬಲ್ ಮೇಲೆ ಅನುಮಾನ ಪಡಿ. ಸೆನ್ಸರ್ ಬೈಪಾಸ್ ಮಾಡಿಕೊಡುತ್ತೇನೆ ಅನ್ನುವವರನ್ನು ಮಷೀನ್ ಹತ್ತಿರ ಬಿಡಬೇಡಿ.

ಈಗ ನಿಮ್ಮ ಕೈ ವಿಷಯ. ಬಹಳಷ್ಟು ಸ್ಪಿಂಡಲ್ ಅಲಾರಂಗಳಲ್ಲಿ ಆಂಪ್ಲಿಫೈಯರ್ ಮೋಟಾರಿಗೆ ಕರೆಂಟ್ ಕಡಿದುಬಿಡುತ್ತದೆ. ಆಗ ಸ್ಪಿಂಡಲ್ ಬ್ರೇಕ್ ಹಿಡಿದ ಹಾಗೆ ನಿಲ್ಲುವುದಿಲ್ಲ, ತನ್ನ ವೇಗದಲ್ಲೇ ಸುತ್ತುತ್ತಾ ಸುತ್ತುತ್ತಾ ನಿಧಾನವಾಗುತ್ತದೆ. ಫೇಸ್ ಮಿಲ್‌ನಂಥ ದೊಡ್ಡ ಕಟರ್ ಹಾಕಿದ್ದರೆ ಇನ್ನೂ ಜಾಸ್ತಿ ಹೊತ್ತು. ಪರದೆಯ ಆರ್‌ಪಿಎಂ ನಂಬಬೇಡಿ. 9073ರಂತೆ ಮೋಟಾರ್ ಸೆನ್ಸರ್ ಕಡಿದ ಅಲಾರಂ ಆದರೆ ಅಲ್ಲಿ ಸೊನ್ನೆ ತೋರಿಸುವಾಗಲೂ ಟೂಲ್ ತಿರುಗುತ್ತಿರಬಹುದು. ಟೂಲ್ ನಿಂತಿದ್ದನ್ನು ಗಾಜಿನಿಂದ ಕಣ್ಣಾರೆ ನೋಡಿ, ಆಮೇಲೆ ಮಷೀನಿನ ಬಾಗಿಲು ತೆಗೆಯಿರಿ. ಬಾಗಿಲು ತೆಗೆದರೆ ಮಷೀನ್ ಓಡದಂತೆ ತಡೆಯುವ ಡೋರ್ ಸ್ವಿಚ್ ಬೈಪಾಸ್ ಆಗಿರುವ ಮಷೀನ್ ಆದರೆ (ನಮ್ಮಲ್ಲಿ ಕಮ್ಮಿ ಇಲ್ಲ) ಇದು ಇನ್ನೂ ಮುಖ್ಯ.

ಕಾಯುವ ಆ ಹೊತ್ತಿನಲ್ಲಿ ಮೊಬೈಲ್ ತೆಗೆದು ಪರದೆಯ ಫೋಟೋ ಹೊಡೆಯಿರಿ. ಅಲಾರಂ ನಂಬರ್, ಪ್ರೋಗ್ರಾಂ ಸಾಲು, ಎಷ್ಟು ಗಂಟೆ ಅಂತ. ರೀಸೆಟ್ ಆದ ಮೇಲೆ ಸರ್ವಿಸ್‌ನವರಿಗೆ ತೋರಿಸಲು ಆ ಪರದೆ ಹಾಗೇ ಉಳಿದಿರುವುದಿಲ್ಲ. ಪ್ಯಾನಲ್ ಒಳಗೆ ಆಂಪ್ಲಿಫೈಯರ್ ಮೇಲೂ ಎರಡಂಕಿ ನಂಬರ್ ಬರುತ್ತದೆ, ಅದನ್ನು ಎಲೆಕ್ಟ್ರಿಷಿಯನ್ ನೋಡಲಿ. ಪಕ್ಕದ ದೀಪದ ಬಣ್ಣವನ್ನೂ ಬರೆದುಕೊಳ್ಳಲು ಹೇಳಿ. ಕೆಂಪು ದೀಪದ 01 ಮೋಟಾರ್ ಬಿಸಿ. ಹಳದಿ ದೀಪದ 01 ಸಿಗ್ನಲ್‌ಗಳ ಕ್ರಮ ತಪ್ಪಿದ್ದು, ಬೇರೆಯೇ ಕಥೆ.

9001ಕ್ಕೆ ತಣ್ಣಗಾದ ಮೇಲೆ, ಕಾರಣ ನೋಡಿಕೊಂಡು ಒಂದು ರೀಸೆಟ್ ಒತ್ತಬಹುದು. 9012 ಬಂದರೆ ಅದೂ ಬೇಡ. ಅದು ಓವರ್ ಕರೆಂಟ್. ಸುಟ್ಟ ವೈಂಡಿಂಗ್ ಮೇಲೆ ಮತ್ತೆ ಮತ್ತೆ ರೀಸೆಟ್ ಒತ್ತಿದರೆ ಆಂಪ್ಲಿಫೈಯರ್ ಕೂಡ ಹೋಗುತ್ತದೆ. ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ, ಕೆಂಪು ಚಾರ್ಜ್ ದೀಪ ಆರುವವರೆಗೂ ಕಾದು, ಮೀಟರ್ ಹಿಡಿದು ವೋಲ್ಟೇಜ್ ಇಳಿದಿದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಹತ್ತಿರ ಡಿಸಿ ನಿಂತಿರುತ್ತದೆ. ಮೋಟಾರ್ ವೈರ್ ಬಿಚ್ಚಿದ ಮೇಲೇ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಾಕಬೇಕು. ಬಿಚ್ಚದೆ ಹಾಕಿದರೆ ಒಳ್ಳೆ ಆಂಪ್ಲಿಫೈಯರನ್ನು ನಾವೇ ಸಾಯಿಸಿದ ಹಾಗೆ.

ಪ್ರಶ್ನೆ: ಎಂ12 (12 ಮಿ.ಮೀ. ಥ್ರೆಡ್) ಟ್ಯಾಪ್ ಜಾಬ್ ಒಳಗಿರುವಾಗಲೇ ಅಲಾರಂ ಬಂತು. ಹೊರಗೆ ತೆಗೆಯುವುದು ಹೇಗೆ?

ಉತ್ತರ: ಝಡ್ ಜಾಗ್ ಮಾಡಿ (ಬಟನ್ ಒತ್ತಿ ಹೆಡ್ ಅನ್ನು ನೇರ ಎತ್ತಿ) ಮೇಲೆ ಎಳೆಯಬೇಡಿ, ಟ್ಯಾಪ್ ಮುರಿಯುತ್ತದೆ. ಮಷೀನಿನಲ್ಲಿ ರಿಜಿಡ್ ಟ್ಯಾಪ್ ರಿಟ್ರ್ಯಾಕ್ಟ್ (ಟ್ಯಾಪನ್ನು ಹಿಂದಕ್ಕೆ ತಿರುಗಿಸುತ್ತಾ ಹೊರತೆಗೆಯುವ ಸೌಲಭ್ಯ) ಇದ್ದರೆ ಅಲಾರಂ ಸರಿಯಾದ ಮೇಲೆ ಅದನ್ನೇ ಬಳಸಿ. ಇಲ್ಲದಿದ್ದರೆ ಟ್ಯಾಪನ್ನು ಹೋಲ್ಡರ್‌ನಲ್ಲಿ ಬಿಗಿ ಹಿಡಿದಿರುವ ಕಾಲೆಟ್ ನಟ್ ಸಡಿಲ ಮಾಡಿ, ಹೋಲ್ಡರನ್ನು ನಿಧಾನವಾಗಿ ಮೇಲೆತ್ತಿ, ಟ್ಯಾಪನ್ನು ವ್ರೆಂಚ್‌ನಿಂದ ಹಿಂದಕ್ಕೆ ತಿರುಗಿಸಿ. ಆ ಒಂದು ತೂತನ್ನು ಕೈಯಲ್ಲೇ ಮುಗಿಸಿ. ಅದೇ ತೂತಿಗೆ ಮಷೀನ್ ಮತ್ತೆ ಇಳಿಸಿದರೆ ಥ್ರೆಡ್ ಕೂಡುವುದಿಲ್ಲ.