ಓದುಗರ ಪ್ರಶ್ನೆ: ಕಯಾಕಿನಿಂದಲೇ ಎರೆಗೆ ಸ್ಕ್ವಿಡ್ ಹಿಡಿಯುವುದು

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ನೆಲೆಸಿದ್ದೇನೆ. ಲಾ ಹೋಯಾ ಶೋರ್ಸ್ ತೀರದಿಂದ ಕಯಾಕಿನಲ್ಲಿ (ಹುಟ್ಟು ಹಾಕಿ ನಡೆಸುವ ಕಿರುದೋಣಿ) ಹೊರಟು ವೈಟ್ ಸೀಬಾಸ್ ಮೀನಿಗೆ ಗಾಳ ಹಾಕುತ್ತೇನೆ. ಅಂಗಡಿಯ ಹೆಪ್ಪುಗಟ್ಟಿದ ಬೊಂಡಾಸಕ್ಕಿಂತ (ಸ್ಕ್ವಿಡ್) ಜೀವಂತ ಬೊಂಡಾಸವೇ ಒಳ್ಳೆಯ ಎರೆ ಎನ್ನುತ್ತಾರೆ. ಅದನ್ನು ಹಿಡಿದು ಬದುಕಿಸಿಟ್ಟುಕೊಳ್ಳುವುದು ಹೇಗೆ?

ಉತ್ತರ: ನೀವು ಕೇಳಿರುವುದು ನಿಜ. ಅಲ್ಲಿನ ಮಾರ್ಕೆಟ್ ಸ್ಕ್ವಿಡ್ ಎಂಬ ಬೊಂಡಾಸ ಮೊಟ್ಟೆಯಿಡಲು ಮರಳಿನ ತಳದ ಮೇಲೆ ಗುಂಪುಗೂಡುತ್ತದೆ, ಅದನ್ನು ತಿನ್ನಲು ಸೀಬಾಸ್ ಹಿಂಬಾಲಿಸಿ ಬರುತ್ತದೆ. ಹೀಗಾಗಿ ಎರೆ ಸಿಕ್ಕ ಜಾಗದಲ್ಲೇ ಗಾಳ ಇಳಿಸುವುದು ಜಾಣತನ.

ಆದರೆ ಮೊದಲು ನಕ್ಷೆ ನೋಡಿಕೊಳ್ಳಿ. ನೀವು ಕಯಾಕ್ ಇಳಿಸುವ ತೀರದ ಮುಂದಿರುವ ಮಟ್ಲಾವಾಯಿಲ್ ಸಾಗರ ಮೀಸಲು ಪ್ರದೇಶದಲ್ಲಿ ಯಾವ ಜೀವಿಯನ್ನೂ ಹಿಡಿಯುವಂತಿಲ್ಲ. ಅದರ ಉತ್ತರಕ್ಕೆ ಹೊಂದಿಕೊಂಡಿರುವ ಸ್ಯಾನ್ ಡಿಯಾಗೊ-ಸ್ಕ್ರಿಪ್ಸ್ ಸಂರಕ್ಷಿತ ಪ್ರದೇಶದಲ್ಲಿ ಕೆಲವು ಮೀನುಗಳನ್ನು ಗಾಳದಿಂದ ಹಿಡಿಯಲು ಅನುಮತಿಯಿದ್ದರೂ ಮಾರ್ಕೆಟ್ ಸ್ಕ್ವಿಡ್ ಅನ್ನು ಸ್ಪಷ್ಟವಾಗಿ ಹೊರಗಿಡಲಾಗಿದೆ. ಎರೆ ತಾನೇ ಎಂದು ಇದನ್ನು ಹಗುರವಾಗಿ ಕಾಣಬಾರದು; ಎರಡೂ ಗಡಿಗಳನ್ನು ದಾಟಿದ ಮೇಲೆಯೇ ದಾರ ಬಿಡಿ.

ಬೆಳಕು ಹರಿಯುವ ಮುನ್ನದ ಹೊತ್ತು ಅತ್ಯುತ್ತಮ. ಕತ್ತಲಲ್ಲಿ ಸ್ಕ್ವಿಡ್ ಬೆಳಕಿಗೆ ಆಕರ್ಷಿತವಾಗಿ ಮೇಲೇಳುತ್ತದೆ, ಆದ್ದರಿಂದ ನೀರಿಗಿಳಿಸುವ ಹಸಿರು ಅಥವಾ ಬಿಳಿ ದೀಪವೊಂದು ಸಾಕು. ಬೆಳಗಾದ ಮೇಲೆ ಅದು ತಳಕ್ಕೆ ಇಳಿಯುವುದರಿಂದ, ನೀರಿನಡಿ ಇರುವುದನ್ನು ಪರದೆಯಲ್ಲಿ ತೋರಿಸುವ ಫಿಶ್ ಫೈಂಡರ್‌ನಲ್ಲಿ ತಳಕ್ಕಂಟಿದ ದಟ್ಟ ಗುಂಪನ್ನು ಹುಡುಕಬೇಕಾಗುತ್ತದೆ. ಸ್ಕ್ವಿಡ್ ಹಿಡಿಯುವ ಕೃತಕ ಎರೆಯಾದ ಜಿಗ್‌ನ ಕೆಳತುದಿಯಲ್ಲಿ ಮೇಲ್ಮುಖವಾಗಿ ಬಾಗಿದ ಸೂಜಿಗಳ ಸುತ್ತು ಇರುತ್ತದೆ, ಅವುಗಳಿಗೆ ಹಿಮ್ಮುಳ್ಳು ಇರುವುದಿಲ್ಲ. ಕೌಶಲವೆಲ್ಲ ಇಲ್ಲಿಯೇ ಇದೆ: ಜಿಗ್ ಅನ್ನು ನಿಧಾನವಾಗಿ ಎತ್ತಿ ಇಳಿಸುತ್ತಿರುವಾಗ ಭಾರ ಹೆಚ್ಚಿದಂತೆನಿಸಿದರೆ, ಮೀನಿಗೆ ಎಳೆಯುವಂತೆ ಜಗ್ಗದೆ, ದಾರ ಎಲ್ಲೂ ಸಡಿಲವಾಗದಂತೆ ಒಂದೇ ವೇಗದಲ್ಲಿ ಸುತ್ತಿಕೊಳ್ಳಬೇಕು. ಜಗ್ಗಿದರೆ ತೋಳು ಹರಿಯುತ್ತದೆ, ನಿಂತರೆ ಜಾರಿಕೊಳ್ಳುತ್ತದೆ.

ಮೇಲೆ ಬಂದದ್ದನ್ನು ಒಡನೆಯೇ ಕಯಾಕಿಗೆ ಎತ್ತಬೇಡಿ. ಕ್ಷಣಕಾಲ ನೀರಿನ ಮಟ್ಟದಲ್ಲೇ ಹಿಡಿದು ಮಸಿಯನ್ನು ಸಮುದ್ರಕ್ಕೇ ಉಗುಳಲು ಬಿಡಿ, ಏಕೆಂದರೆ ಎರೆಯನ್ನು ಜೀವಂತವಾಗಿಡುವ ಟ್ಯಾಂಕಿನೊಳಗೆ ಮಸಿ ಬಿದ್ದರೆ ಉಳಿದವೂ ಬಳಲಿ ಸಾಯುತ್ತವೆ. ಪಂಪು ಹೊಸ ಕಡಲನೀರನ್ನು ನಿರಂತರವಾಗಿ ಹರಿಸುತ್ತಿರಲಿ, ಟ್ಯಾಂಕಿನಲ್ಲಿ ಕಿಕ್ಕಿರಿದು ತುಂಬಬೇಡಿ. ಕಯಾಕಿನ ಪುಟ್ಟ ಟ್ಯಾಂಕಿಗೆ ಬೆರಳೆಣಿಕೆಯಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ. ಈ ಜೀವಿ ಒಂದು ವರ್ಷವೂ ಬದುಕದೆ ಮೊಟ್ಟೆಯಿಟ್ಟು ಸಾಯುವಂಥದ್ದು, ಮೊಟ್ಟೆಯಿಡಲು ಬಂದ ಗುಂಪಿನಿಂದ ಅಗತ್ಯಕ್ಕಿಂತ ಹೆಚ್ಚು ತೆಗೆಯುವುದು ಸರಿಯಲ್ಲ.

ಕತ್ತಲಲ್ಲಿ ಒಬ್ಬರೇ ಹೋಗಬೇಡಿ. ಲೈಫ್ ಜಾಕೆಟ್ ಮೈಮೇಲಿರಲಿ, ದೋಣಿಗಳಿಗೆ ಕಾಣುವ ಬಿಳಿ ದೀಪ ಕೈಗೆಟಕುವಂತಿರಲಿ.

ಗಾಳಕ್ಕೆ ಸಿಕ್ಕಿಸುವಾಗ ತೋಳುಗಳ ಕಡೆ ಬಿಟ್ಟು, ಮೊನಚಾದ ಬಾಲದ ತುದಿಗೆ ಚುಚ್ಚಿರಿ. ಸ್ಕ್ವಿಡ್ ಬಾಲ ಮುಂದಾಗಿ ಚಿಮ್ಮುವುದರಿಂದ ಹೀಗೆ ಸಿಕ್ಕಿಸಿದಾಗ ಸಹಜವಾಗಿ ಈಜುತ್ತದೆ. ಟ್ಯಾಂಕಿನಲ್ಲಿ ಸತ್ತದ್ದನ್ನು ಎಸೆಯದೆ ಐಸಿನ ಮೇಲಿಡಿ. ಮರಳುತಳದಲ್ಲಿ ಮಲಗಿರುವ ಚಪ್ಪಟೆ ಮೀನಾದ ಹ್ಯಾಲಿಬಟ್‌ಗೆ ಆ ತಾಜಾ ಮಾಂಸವೂ ಒಳ್ಳೆಯ ಎರೆಯೇ.