ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಇಂಗ್ಲೆಂಡಿನ ಕಥೆಯಿರುವ ಐತಿಹಾಸಿಕ ಕಾದಂಬರಿಯೊಂದರಲ್ಲಿ ತಾರೀಖು ತಪ್ಪಿದೆ ಅನ್ನಿಸುತ್ತಿದೆ. ಮೆಚ್ಚಿನ ಲೇಖಕರಿಗೆ ಹೇಗೆ ಬರೆಯಲಿ?

ಉತ್ತರ: ಬರೆಯುವ ಮುನ್ನ ತಪ್ಪು ನಿಜವಾಗಿಯೂ ತಪ್ಪೇ ಎಂದು ನೋಡಿಕೊಳ್ಳಿ. ಬ್ರಿಟನ್ ಹಳೆಯ ಕ್ಯಾಲೆಂಡರ್ ಬಿಟ್ಟು, ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾದದ್ದು 1752ರಲ್ಲಿ. ಆ ವರ್ಷ ಸೆಪ್ಟೆಂಬರ್ 2ರ ಮರುದಿನವೇ 14. ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹೀಗಾಗಿ 1700ರ ಫೆಬ್ರುವರಿ ಎಂದು ಅಂದಿನ ದಾಖಲೆಯಲ್ಲಿದ್ದರೆ, ಅದು ನಮ್ಮ ಲೆಕ್ಕಕ್ಕೆ 1701! ಇಂಥ ಕಡೆ ಎಡವುವುದು ಹೆಚ್ಚಾಗಿ ಓದುಗರೇ.

ಆಮೇಲೂ ತಪ್ಪೆನಿಸಿದರೆ ಪುಟಸಂಖ್ಯೆ, ಎಷ್ಟನೇ ಮುದ್ರಣ, ಆ ಸಾಲು, ನಿಮ್ಮ ಆಧಾರ ಇಷ್ಟನ್ನೂ ಬರೆಯಿರಿ. ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ, ಆದ್ದರಿಂದ ಅಧ್ಯಾಯವನ್ನೂ ಸೇರಿಸಿ. ಪುಸ್ತಕದಲ್ಲಿ ಇಷ್ಟವಾದದ್ದನ್ನು ಮೊದಲು ಹೇಳಿ, ಆದರೆ ಬರೀ "ತುಂಬಾ ಚೆನ್ನಾಗಿದೆ" ಎನ್ನಬೇಡಿ. ಯಾವ ಸನ್ನಿವೇಶ, ಏಕೆ ಹಿಡಿಸಿತು ಎಂಬುದು ಬೇಕು. ಒಂದು ಪುಟ ಸಾಕು. ಪ್ರಶ್ನೆ ಒಂದೇ ಇರಲಿ, ಹತ್ತು ಕೇಳಿದರೆ ಒಂದಕ್ಕೂ ಉತ್ತರ ಬಾರದು. ಮನೆ ವಿಳಾಸ ಹುಡುಕುತ್ತಾ ಹೋಗದೆ ಪ್ರಕಾಶಕರ ಮೂಲಕ ಕಳಿಸಿ. ಲಕೋಟೆಯ ಮೇಲೆ ಲೇಖಕರ ಹೆಸರು ಸ್ಪಷ್ಟವಾಗಿರಲಿ. ಪ್ರಕಾಶಕರು ಪತ್ರಗಳನ್ನು ಕೂಡಿಟ್ಟು ಕಳಿಸುವುದೂ ಉಂಟು, ತಿಂಗಳುಗಟ್ಟಲೆ ತಡವಾದೀತು.

ಪ್ರಶ್ನೆ: ಮುಂದಿನ ಕಾದಂಬರಿಗೆ ಕಥೆ ಸೂಚಿಸಬಹುದೇ?

ಉತ್ತರ: ಬೇಡ. ಮುಂದೆ ಹಕ್ಕಿನ ತಕರಾರು ಬಂದೀತೆಂದು ಎಷ್ಟೋ ಲೇಖಕರು ಅಂಥ ಪತ್ರವನ್ನು ಪೂರ್ತಿ ಓದುವುದೇ ಇಲ್ಲ.